ಮೇವಿನ ತೇವಾಂಶ ಅಳೆಯುವ ಬಗೆ



ಹೈನುಗಾರಿಕೆ ಮಾಡುವವರು ಮುಸುಕಿನ ಜೋಳದ ಹಸಿಮೇವನ್ನು ಕತ್ತರಿಸಿ ರಸಮೇವು, ಅಂದರೆ ಸೈಲೇಜ್, ಮಾಡಿಡುತ್ತಾರೆ. ಅದರಲ್ಲಿ ಶೇ. 65ರಿಂದ 70ರಷ್ಟು ತೇವಾಂಶವಿರಬೇಕು. ಹೆಚ್ಚಾದರೆ ರಸ ಸೋರಿ ಮೇವು ಕೊಳೆಯುತ್ತದೆ. ಕಡಿಮೆಯಾದರೆ ಗಾಳಿ ಉಳಿದು ಬೂಷ್ಟು ಹಿಡಿಯುತ್ತದೆ. ಕೂಡಿಟ್ಟ ಮೇವು ಕೆಟ್ಟರೆ ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ, ಸಾಲ ಏರುತ್ತದೆ.

ಇದನ್ನು ಮನೆಯಲ್ಲೇ ಅಳೆಯಬಹುದು. ತಟ್ಟೆಯ ತೂಕ ಕಳೆದು 100 ಗ್ರಾಂ ಮೇವು ತೂಗಿ, ಮೈಕ್ರೊವೇವ್ ಓವನ್‌ನಲ್ಲಿಡಿ. ಪಕ್ಕದಲ್ಲಿ ಒಂದು ಗಾಜಿನ ಲೋಟ ನೀರಿರಲಿ. ಸ್ವಲ್ಪ ಸ್ವಲ್ಪವೇ ಒಣಗಿಸುತ್ತಾ ಪ್ರತಿ ಸಲವೂ ತೂಗಿ. ತೂಕ ಇಳಿಯುವುದು ನಿಂತಾಗ 32 ಗ್ರಾಂ ಉಳಿದರೆ ತೇವಾಂಶ ಶೇ. 68. ಮೇವು ಸೀದುಹೋದರೆ ಲೆಕ್ಕ ತಪ್ಪುತ್ತದೆ. ಹೊಸದಾಗಿ ತೂಗಿ ಆರಂಭಿಸಿ.

ವಿದ್ಯಾರ್ಥಿಗಳೇ, ನೀವು ಕಲಿತ ಶೇಕಡಾವಾರು ಲೆಕ್ಕವೇ ಇದು. ಮನೆಯ ಹಿರಿಯರಿಗೆ ಒಮ್ಮೆ ಮಾಡಿ ತೋರಿಸಿ.