ಬಿಡಿಬಿಡಿಯಾಗಿ ನೋಡುವ ಕಣ್ಣು

ಇದು ಮದುವೆಯ ಕಾಲ. ಹೊಳೆನರಸೀಪುರ, ಅರಕಲಗೂಡಿನ ಛತ್ರಗಳಲ್ಲಿ ಊಟದ ಪಂಕ್ತಿಯಷ್ಟೇ ಉದ್ದ ಸೆಲ್ಫಿಯವರ ಸಾಲು. ತೆಗೆದ ಫೋಟೋ ಹಾಗೇ ಸ್ಟೇಟಸ್‌ಗೆ ಹೋಗುವುದಿಲ್ಲ. ಬಣ್ಣ ತಿಳಿಯಾಗಬೇಕು, ಗಲ್ಲ ಚೂಪಾಗಬೇಕು, ಸೊಂಟ ಸಣ್ಣಗಾಗಬೇಕು. ಮೈಯನ್ನು ಬಿಡಿಬಿಡಿಯಾಗಿ ನೋಡಿ ತಿದ್ದುವುದು ಫಿಲ್ಟರಿನ ಕೆಲಸ. ಹಾಗೆ ನೋಡುವುದನ್ನು ಈಗ ಕಣ್ಣೂ ಕಲಿತಿದೆ. ಮೈಕಟ್ಟಿನ ಬಗ್ಗೆ ಮೊದಲೇ ಬೇಸರವಿದ್ದ ಹದಿಹರೆಯದ ಹುಡುಗಿಯರಲ್ಲಿ ನೂರಕ್ಕೆ 32 ಮಂದಿ, ಇನ್‌ಸ್ಟಾಗ್ರಾಂನಿಂದ ಆ ಬೇಸರ ಹೆಚ್ಚಾಯಿತು ಎಂದಿದ್ದರು. 2021ರಲ್ಲಿ ಹೊರಬಿದ್ದ ಈ ಲೆಕ್ಕ ಫೇಸ್‌ಬುಕ್ ಕಂಪನಿಯೇ ಒಳಗೊಳಗೆ ಮಾಡಿಸಿಕೊಂಡದ್ದು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್, ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ತೀರಿಕೊಂಡರು. ಬದುಕಿ ಬಾಳಬೇಕಾದ ವಯಸ್ಸು ಅದು.

ಮೈಯನ್ನು ಇಡಿಯಾಗಿ ನೋಡುವ ಬಗೆಯೂ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟ ನಿಂತು ಸಾವಿರ ವರ್ಷ ದಾಟಿದೆ. ಸುಮಾರು 58 ಅಡಿಯ ಆ ಮೈಮೇಲೆ ಬಟ್ಟೆಯಿಲ್ಲ, ಒಡವೆಯಿಲ್ಲ. ಅಳೆದು ನೋಡಿದ ವಿದ್ವಾಂಸರು ಹೆಗಲು ಬಹಳ ಅಗಲ, ಮಂಡಿಯಿಂದ ಕೆಳಗೆ ಕಾಲು ತುಸು ಮೋಟು ಎಂದಿದ್ದಾರೆ. ಇರಲಿ. ಅವನು ನಿಂತ ವಿಂಧ್ಯಗಿರಿ ಬೆಟ್ಟ ಹತ್ತಿ ಇಳಿಯುವವರು ಕಾಲಿನ ಅಳತೆ ಮಾತಾಡುತ್ತಾ ಇಳಿಯುವುದಿಲ್ಲ. ಅವರು ಕಂಡದ್ದು ಇಡೀ ಮೂರ್ತಿಯನ್ನು. ಅದೇ ಬೆಟ್ಟದ ಮೇಲೆ ಗೊಮ್ಮಟನೆದುರಿಗೆ ಗುಳ್ಳಕಾಯಜ್ಜಿ ಎಂಬ ಮುದುಕಿಯ ಮೂರ್ತಿಯಿದೆ. ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಅಭಿಷೇಕಕ್ಕೆ ಕೊಡಗಟ್ಟಲೆ ಸುರಿಸಿದ ಹಾಲು ಪಾದ ಮುಟ್ಟಲಿಲ್ಲವಂತೆ. ಈಕೆ ಗುಳ್ಳಕಾಯಿಯಲ್ಲಿ ತಂದ ತುಸು ಹಾಲು ಅಡಿಯವರೆಗೂ ಹರಿಯಿತಂತೆ. ಅವಳು ಕಪ್ಪೋ ಬಿಳುಪೋ, ಐತಿಹ್ಯಕ್ಕೆ ಬೇಕಿಲ್ಲ. ಅವಳ ಕೈ ಮಾಡಿದ್ದನ್ನು ಮಾತ್ರ ಅದು ನೆನಪಿಟ್ಟುಕೊಂಡಿದೆ.

ಅಂದವಾಗಿ ಕಾಣಬೇಕೆನ್ನುವುದು ತಪ್ಪೇ, ಬೇಲೂರಿನ ಶಿಲಾಬಾಲಿಕೆ ದರ್ಪಣಸುಂದರಿಯೂ ಕನ್ನಡಿ ಹಿಡಿದಿಲ್ಲವೇ ಎನ್ನಬಹುದು. ತಪ್ಪಲ್ಲ. ಆದರೆ ಕನ್ನಡಿ ಇದ್ದ ಮುಖವನ್ನೇ ತೋರಿಸುತ್ತದೆ, ಲೈಕು ಎಣಿಸುವುದಿಲ್ಲ. ಹಾಗೆಂದು ದೋಷವನ್ನೆಲ್ಲ ಫೋನಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಮೈ ಬೆಳ್ಳಗಾಗಿಸುತ್ತೇನೆಂದ ಫೇರ್ ಅಂಡ್ ಲವ್ಲಿ ಕ್ರೀಮು 1975ರಲ್ಲೇ ಅಂಗಡಿಗೆ ಬಂದಿತ್ತು. 2020ರಲ್ಲಿ ಅದು ಹೆಸರು ಬದಲಿಸಿಕೊಂಡರೂ ಹೆಣ್ಣು ನೋಡುವವರ ಬಾಯಲ್ಲಿ 'ಬೆಳ್ಳಗಿದ್ದಾಳಾ' ಎನ್ನುವ ಪ್ರಶ್ನೆ ಬದಲಾಗಿಲ್ಲ. 'ಏನೇ, ಹಿಂಗೆ ಊದ್ಕೊಂಡಿದೀಯ', 'ಯಾಕೋ, ಕಡ್ಡಿ ಆಗ್ಬಿಟ್ಟಿದೀಯ' ಎಂದು ಫೋನಿಗಿಂತ ಮೊದಲು ಮಕ್ಕಳಿಗೆ ಮಾರ್ಕು ಹಾಕಿದವರು ಮನೆಯ ಹಿರಿಯರೇ. ಆರೋಗ್ಯದ ಕಾಳಜಿಯಿಂದ ಅಂದದ್ದು ಎಂದರೆ, ಕಾಳಜಿಯನ್ನು ಮಗು ಒಂದೇ ಇದ್ದಾಗ ಹೇಳಿ, ಡಾಕ್ಟರ ಹತ್ತಿರ ಜೊತೆಗೆ ಹೋಗಿ. ಪಂಕ್ತಿಯ ನಡುವೆ ನಾಲ್ಕು ಜನ ನಗುವಂತೆ ಆಡಿದ ಮಾತಿನಿಂದ ಯಾರ ಆರೋಗ್ಯವೂ ಸುಧಾರಿಸಿಲ್ಲ. ಮಕ್ಕಳ ಕೈಯಿಂದ ಫೋನು ಬಿಡಿಸುವುದು ಕಷ್ಟ, ಒಪ್ಪೋಣ. ನಮ್ಮ ನಾಲಿಗೆ ಹಿಡಿಯುವುದು ಅಷ್ಟು ಕಷ್ಟವಲ್ಲ. ಮುಂದಿನ ಮದುವೆಯಲ್ಲಿ ಎದುರಾದ ಮಗುವನ್ನು ಏನು ಓದುತ್ತಿದ್ದೀಯ, ಊಟ ಆಯಿತಾ ಎಂದು ಕೇಳೋಣ. ಮೈಯ ಲೆಕ್ಕ ಬೇಡ.