ಹೊಸ ವ್ಯವಸ್ಥೆ, ಹಳೆಯ ಅಕ್ಷರ

(ಸಂಘದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣ)



ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡಬಲ್ಲ ವಿದ್ವಾಂಸರು ಈ ಸಭೆಯಲ್ಲಿ ಅನೇಕರಿದ್ದಾರೆ. ನಾನು ಆ ಕೆಲಸಕ್ಕೆ ಕೈಹಾಕುವುದಿಲ್ಲ. ಕಾರ್ಯದರ್ಶಿಗಳು ನನಗೆ ಒಪ್ಪಿಸಿರುವ ವಿಷಯ ತೀರ ಲೌಕಿಕವಾದುದು: ಮನೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ಬರುವ ತೊಡಕುಗಳು ಮತ್ತು ಅವುಗಳ ಪರಿಹಾರ. ರಾಜ್ಯೋತ್ಸವಕ್ಕೂ ಇದಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವುಂಟು. ಅದನ್ನು ಒಂದು ಮನೆಯ ಸಂಗತಿಯಿಂದಲೇ ಹೇಳುತ್ತೇನೆ.

ನನ್ನ ಸ್ನೇಹಿತರೊಬ್ಬರು ಗದಗಿನ ಕಡೆಯವರು. ಕೆಲಸಕ್ಕೆಂದು ಪುಣೆಗೆ ಬಂದು ಇಲ್ಲಿಯೇ ನೆಲೆಸಿದವರು. ನಿವೃತ್ತರಾದ ಮೇಲೆ ಮೊಮ್ಮಕ್ಕಳಿಗೆ ತಿಳಿಯಲೆಂದು ತಮ್ಮ ಬಾಲ್ಯದ ನೆನಪುಗಳನ್ನು ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡುತ್ತಾ ಬಂದರು. ಅವರು ತೀರಿಕೊಂಡ ತರುವಾಯ ಮಗನು ಹಳೆಯ ಯಂತ್ರಕ್ಕೆ ಹೊಸ ವ್ಯವಸ್ಥೆಯನ್ನು ಹಾಕಿದನು. ಅದೇ ರಾತ್ರಿ ನನಗೆ ಫೋನು ಬಂದಿತು.

“ಕಾಕಾ, ಅಪ್ಪಾ ಬರದದ್ದೆಲ್ಲಾ ಕೆಟ್ಟು ಹೋಗೇತ್ರಿ. ಬರೇ ಇಂಗ್ಲೀಷ್ ಅಕ್ಷರ, ಪೌಂಡಿನ ಗುರುತು ಕಾಣ್ತಾವ. ವೈರಸ್ ಹೊಕ್ಕಿರಬೇಕು. ತಗದು ಒಗೀಲೇನ್ರಿ?”

“ಏನೂ ಮುಟ್ಟಬ್ಯಾಡ ತಮ್ಮಾ. ನಾ ಮುಂಜಾನೆ ಬರ್ತೀನಿ, ತಡಿ,” ಎಂದೆ.

ಆ ಮನೆಯಲ್ಲಿ ನಾನು ಮರುದಿನ ಕಂಡದ್ದು ಒಂದಲ್ಲ, ಎರಡು ತೊಡಕುಗಳು. ಒಂದು, ಕೆಟ್ಟಂತೆ ಕಾಣುತ್ತಿದ್ದು ಕೆಡದೆ ಇದ್ದದ್ದು. ಇನ್ನೊಂದು, ಯಾರ ಗಮನಕ್ಕೂ ಬಾರದೆ ನಿಜವಾಗಿಯೂ ಅಳಿಸಿಹೋಗಿದ್ದದ್ದು. ಇವೆರಡರ ಭೇದವನ್ನು ತಿಳಿದುಕೊಳ್ಳುವುದೇ ಈ ವಿದ್ಯೆಯ ಸಾರವೆಂದು ನನ್ನ ಅಭಿಪ್ರಾಯ.

ಆಪರೇಟಿಂಗ್ ಸಿಸ್ಟಮ್ ಎಂದರೆ ಮದುವೆಯ ಮನೆಯ ಉಸ್ತುವಾರಿ ಹೊತ್ತ ಹಿರಿಯನಿದ್ದಂತೆ. ಅಡಿಗೆಯವರು, ಓಲಗದವರು, ಬೀಗರು ಎಲ್ಲರೂ ಅವನ ಮೂಲಕವೇ ನಡೆಯಬೇಕು. ಆ ಹಿರಿಯನನ್ನು ಬದಲಾಯಿಸಿದಾಗ ಗೊಂದಲವಾಗುವುದು ಸಹಜ. ಬದಲಾಯಿಸುವ ಪ್ರಸಂಗವೂ ಬಹಳ ಮನೆಗಳಿಗೆ ಒಮ್ಮೆಲೇ ಬಂದಿತು. 2015ರಲ್ಲಿ ಹೊರಬಂದ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು. 2021ರಲ್ಲಿ ಬಂದ ವಿಂಡೋಸ್ 11 ಎಲ್ಲ ಯಂತ್ರಗಳನ್ನೂ ಒಪ್ಪುವುದಿಲ್ಲ. 4 ಜಿಬಿ ಮೆಮೊರಿ, 64 ಜಿಬಿ ಸ್ಥಳಗಳಲ್ಲದೆ, ಟಿಪಿಎಂ 2.0 ಎಂಬ ಭದ್ರತೆಯ ಅಂಗವನ್ನೂ ಸಾಕಷ್ಟು ಹೊಸದಾದ ಪ್ರೊಸೆಸರನ್ನೂ ಅದು ಕೇಳುತ್ತದೆ. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದೂ ನಿದ್ರಿಸುತ್ತಿರುತ್ತದೆ; ಯಂತ್ರದ ಮೂಲ ಸೆಟ್ಟಿಂಗಿನಲ್ಲಿ ಅದನ್ನು ಎಬ್ಬಿಸಿದರೆ ಕೆಲಸ ಮುಂದುವರಿಯುವುದು. ಅದಿಲ್ಲದ ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ. ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಯನ್ನು ಪೆನ್ ಡ್ರೈವಿನಿಂದಲೇ ನಡೆಸಿ, ಡಿಸ್ಕನ್ನು ಮುಟ್ಟದೆ, ಮೊದಲು ಪರೀಕ್ಷಿಸಿ ನೋಡಬಹುದು.

ಇನ್ನು ಕ್ರಮ. ಕೆಲಸಕ್ಕೆ ತೊಡಗುವ ಮುನ್ನ ಮೂರು ಸಂಗತಿಗಳನ್ನು ಮಾಡತಕ್ಕದ್ದು. ಮೊದಲನೆಯದಾಗಿ, ಕಾಗದಪತ್ರ, ಭಾವಚಿತ್ರಗಳೆಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ನಕಲು ಎಣಿಸದೆ ಪಡೆದ ಚಿಲ್ಲರೆಯಂತೆ. ಎರಡನೆಯದಾಗಿ, ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗವಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಮೂರನೆಯದಾಗಿ, ತಾವು ಬಳಸುವ ಕನ್ನಡ ತಂತ್ರಾಂಶ ಯಾವುದು, ಅಕ್ಷರಶೈಲಿ, ಅಂದರೆ ಫಾಂಟ್, ಯಾವುದೆಂದು ಗುರುತು ಹಾಕಿಕೊಳ್ಳಬೇಕು. ಈ ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ.

ನಡುವೆ ಬರುವ ತೊಡಕುಗಳಲ್ಲಿ ಬಹು ಸಾಮಾನ್ಯವಾದುದು ಒಂದುಂಟು. ಯಂತ್ರವು ಒಮ್ಮೆ ನಿಂತು ಮತ್ತೆ ಆರಂಭವಾಗುತ್ತದೆ. ಆರಂಭವಾದಾಗ ಪುನಃ ಮೊದಲನೆಯ ಪ್ರಶ್ನೆಯನ್ನೇ ಕೇಳುತ್ತದೆ. ಗಾಬರಿಯಾಗಬಾರದು. ಪೆನ್ ಡ್ರೈವು ಅಲ್ಲಿಯೇ ಇರುವುದರಿಂದ ಯಂತ್ರವು ಡಿಸ್ಕನ್ನು ಬಿಟ್ಟು ಮತ್ತೆ ಅದನ್ನೇ ಓದುತ್ತಿದೆ, ಅಷ್ಟೆ. ಮೊದಲ ಸಲ ಮರುಚಾಲನೆಯಾಗುವಾಗ ಅದನ್ನು ಕಿತ್ತಿಟ್ಟರೆ ಕೆಲಸ ಮುಂದೆ ಸಾಗುವುದು. ಹೊಸ ವ್ಯವಸ್ಥೆ ಬಂದ ಮೇಲೆ ವೈಫೈ ಕಾಣದಿದ್ದರೆ, ಮೊಬೈಲನ್ನು ತಂತಿಯಿಂದ ಜೋಡಿಸಿ ಅದರ ಇಂಟರ್‌ನೆಟ್ಟನ್ನು ಯಂತ್ರಕ್ಕೆ ಕೊಟ್ಟು, ಬೇಕಾದ ಡ್ರೈವರುಗಳನ್ನು ಇಳಿಸಿಕೊಳ್ಳಬಹುದು. ಇವೆಲ್ಲವೂ ಕೆಟ್ಟಂತೆ ಕಾಣುವ ವರ್ಗಕ್ಕೆ ಸೇರಿದವು.

ನಿಜವಾದ ಅಪಾಯವಿರುವುದು ಒಂದೇ ಪರದೆಯಲ್ಲಿ. ವ್ಯವಸ್ಥೆಯನ್ನು ಡಿಸ್ಕಿನ ಯಾವ ಭಾಗದಲ್ಲಿ ಹಾಕಬೇಕೆಂದು ಕೇಳುವ ಪರದೆ ಅದು. ಅಲ್ಲಿ ಭಾಗಗಳಿಗೆ ಹೆಸರಿಗಿಂತ ಸಂಖ್ಯೆಯೇ ಎದ್ದು ಕಾಣುತ್ತದೆ. ನಮ್ಮ ಹುಡುಗನು ಅಲ್ಲಿಯೇ ಎಡವಿದ್ದನು. ತಂದೆಯ ಬರಹವು ಪೆನ್ ಡ್ರೈವಿನಲ್ಲಿದ್ದು ಉಳಿಯಿತು. ಕುಟುಂಬದ ಭಾವಚಿತ್ರಗಳಿದ್ದ ಭಾಗವನ್ನು ಅವನು ಅರಿಯದೆ ಅಳಿಸಿಬಿಟ್ಟಿದ್ದನು. ಅಂಥ ಪ್ರಮಾದವಾದರೆ ಯಂತ್ರವನ್ನು ಕೂಡಲೇ ನಿಲ್ಲಿಸಿ ತಿಳಿದವರಲ್ಲಿಗೆ ಒಯ್ಯಬೇಕು. ಮೇಲೆ ಹೊಸದನ್ನು ಬರೆದಷ್ಟೂ ಹಳೆಯದು ದೂರವಾಗುತ್ತದೆ. ಎಸ್‌ಎಸ್‌ಡಿ ಡಿಸ್ಕುಗಳಲ್ಲಂತೂ ಆಸೆ ಬಹಳ ಕಡಿಮೆ. ಆ ಚಿತ್ರಗಳು ನಮಗೆ ಮರಳಿ ದೊರೆಯಲಿಲ್ಲ.

ಬರಹವಾದರೋ ಕೆಟ್ಟಿರಲಿಲ್ಲ. ಕಾರಣವಿಷ್ಟೆ. ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. 67 ಎಂದರೆ ಅದಕ್ಕೆ ಇಂಗ್ಲಿಷಿನ ‘ಸಿ’. ಕನ್ನಡಕ್ಕೆ ಸ್ವಂತ ಮನೆಯ ಬಳಕೆ ಇಲ್ಲದ ದಿನಗಳಲ್ಲಿ, ಹಳೆಯ ನುಡಿ ಫಾಂಟುಗಳು ಆ 67ರ ಮೇಲೆಯೇ ನಮ್ಮ ‘ಅ’ಕಾರದ ಚಿತ್ರವನ್ನು ಬಿಡಿಸಿದ್ದವು. ಫಾಂಟು ಇರುವವರೆಗೆ ಕನ್ನಡ ಕಾಣುತ್ತದೆ. ಫಾಂಟು ಹೋದರೆ ಕೆಳಗಿನ ಇಂಗ್ಲಿಷು ಹೊರಬೀಳುತ್ತದೆ. ಹಾಗೆ ಬರೆದ ‘ಕನ್ನಡ’ ಎಂಬ ಮಾತು ‘ಪಿ’ ಎಂಬ ಅಕ್ಷರದಿಂದ ಆರಂಭವಾಗಿ, ನಡುವೆ ಪೌಂಡಿನ ಚಿಹ್ನೆಯನ್ನು ಹೊತ್ತು ಕಾಣಿಸುತ್ತದೆ. ಪುಟದ ತುಂಬ ಪೌಂಡಿನ ಚಿಹ್ನೆ, ನೆತ್ತಿಯ ಮೇಲೆ ಗೆರೆ ಹೊತ್ತ ‘ಎ’ ಅಕ್ಷರಗಳು ಕಂಡರೆ ಅದು ವೈರಸ್ಸಲ್ಲ, ವೇಷ ಕಳಚಿದ ಕನ್ನಡ ಎಂದು ತಿಳಿಯತಕ್ಕದ್ದು.

ಆ ಬೆಳಿಗ್ಗೆ ನಾನು ಮಾಡಿದ್ದು ಹಳೆಯ ನುಡಿ ಫಾಂಟುಗಳನ್ನು ಮತ್ತೆ ಹಾಕಿದ್ದು, ಅಷ್ಟೇ. ಪರದೆಯ ಮೇಲೆ ಗದಗಿನ ಓಣಿಗಳು ಮರಳಿ ಬಂದವು. ಆದರೆ ಇದು ತಾತ್ಕಾಲಿಕ ಪರಿಹಾರ. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಆದ ಸಂಖ್ಯೆಗಳುಂಟು. ‘ಅ’ ಎಂದರೆ 3205, ‘ಕ’ ಎಂದರೆ 3221. ಜಗತ್ತಿನ ಯಾವ ಹೊಸ ವ್ಯವಸ್ಥೆಯಲ್ಲಿಯೂ ಅವು ಇಂಗ್ಲಿಷೆಂದು ಭ್ರಮೆ ಹುಟ್ಟಿಸುವುದಿಲ್ಲ. ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ನುಡಿ, ಬರಹ ಎರಡರಲ್ಲಿಯೂ ಇವೆ. ಪರಿವರ್ತಿಸಿದ ಮೇಲೆ ಮೂಲವನ್ನು ಅಳಿಸದೆ, ಎರಡನ್ನೂ ಸಾಲುಸಾಲಾಗಿ ಹೋಲಿಸಬೇಕು. ‘ಸೂರ್ಯ’, ‘ಕಾರ್ಯ’ ಮುಂತಾದ ಅರ್ಕಾವತ್ತುಗಳನ್ನೂ, ನಡುವೆ ಬಂದಿರುವ ಇಂಗ್ಲಿಷ್ ಶಬ್ದಗಳನ್ನೂ ವಿಶೇಷವಾಗಿ ನೋಡಬೇಕು. ಪರಿವರ್ತಕವು ಇಂಗ್ಲಿಷನ್ನೂ ಕನ್ನಡವೆಂದು ಬಗೆದು ಅರ್ಥವಿಲ್ಲದ ಅಕ್ಷರಗಳನ್ನು ಕೊಡುವುದುಂಟು. ಹೊಸದಾಗಿ ಬರೆಯುವವರಿಗೆ ವಿಂಡೋಸಿನಲ್ಲಿಯೇ ಇನ್‌ಸ್ಕ್ರಿಪ್ಟ್ ಕೀಲಿಮಣೆ ಇದೆ. ಉಚ್ಚಾರಣೆಯಂತೆ ಬೆರಳಚ್ಚಿಸುವ ಕೀಲಿಮಣೆಯೂ 2019ರಿಂದ ಇದೆ. ಲಿನಕ್ಸಿನಲ್ಲಿ ನುಡಿಯವರಿಗೆ ಪರಿಚಿತವಾದ ಕೆಜಿಪಿ ವಿನ್ಯಾಸವೂ ದೊರೆಯುತ್ತದೆ.

ಭಾರತೀಯ ಭಾಷೆಗಳನ್ನು ಕಂಪ್ಯೂಟರಿಗೆ ಅಳವಡಿಸಲು ದುಡಿದ ಸಿ-ಡ್ಯಾಕ್ ಸಂಸ್ಥೆ 1988ರಲ್ಲಿ ಸ್ಥಾಪಿತವಾದುದು ನಮ್ಮ ಈ ಪುಣೆಯಲ್ಲಿಯೇ. ಸಾಧನಗಳ ಕೊರತೆ ಈಗ ನಮಗಿಲ್ಲ. ಕೊರತೆಯಿರುವುದು ಕಾಲದ್ದು. ಊರಿನಲ್ಲಿದ್ದರೆ ಪುಟದ ಮೇಲಿನ ಗೋಜಲನ್ನು ಕಂಡು ‘ಇದು ನುಡಿ’ ಎಂದು ಹೇಳುವವರು ಪಕ್ಕದ ಮನೆಯಲ್ಲೇ ಸಿಗುತ್ತಾರೆ. ಇಲ್ಲಿ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡಿದರೂ ಶಾಲೆಯಲ್ಲಿ ಮರಾಠಿ, ಇಂಗ್ಲಿಷು ಓದಿದವರು. ಅವರು ಗುರುತಿಸಲಾರದೆ ತೆಗೆದು ಒಗೆದರೆ ಅದು ಅವರ ತಪ್ಪಲ್ಲ. ಗುರುತು ಹೇಳದೆ ಹೋದ ನಮ್ಮದು.

ಆದುದರಿಂದ ನನ್ನ ಬಿನ್ನಹವಿಷ್ಟೆ. ಈ ನವೆಂಬರ್ ಮುಗಿಯುವುದರೊಳಗೆ, ಮನೆಯ ಹಿರಿಯರು ಬರೆದಿಟ್ಟ ಹಾಡು, ಅಡಿಗೆ, ಪತ್ರ, ನೆನಪು ಏನಿದ್ದರೂ ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಯೂನಿಕೋಡಿಗೆ ತನ್ನಿರಿ. ಸಂದೇಹ ಬಂದರೆ ಅವರನ್ನೇ ಕೇಳಿರಿ. ಅವರು ಇರುವಾಗಲೇ ಕೇಳಿರಿ. ನನ್ನ ಸ್ನೇಹಿತರ ಬರಹದಲ್ಲಿ ಒಂದು ಊರಿನ ಹೆಸರು ಪರಿವರ್ತನೆಯಲ್ಲಿ ಕಲಸಿಹೋಯಿತು. ಮೂಲದಲ್ಲಿಯೂ ಅದು ಬೆರಳಚ್ಚಿನ ತಪ್ಪೇ ಇದ್ದಿತು. ಅದು ಯಾವ ಊರೆಂದು ಹೇಳಬಲ್ಲವರು ಈಗ ಇಲ್ಲ. ಆ ಒಂದು ಜಾಗವನ್ನು ನಾವು ಹಾಗೆಯೇ ಖಾಲಿ ಬಿಟ್ಟಿದ್ದೇವೆ.