ಹಿಂದಿನ ಬೆಂಚಿನಲ್ಲಿ ಕುಳಿತವರು

(ಶತಮಾನೋತ್ಸವದ ಅಂಗವಾಗಿ ನಡೆದ ಶಿಕ್ಷಕ–ರಕ್ಷಕ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ರಕ್ಷಕರ ಸಭೆಗಳಲ್ಲಿ ನಮಗೆ ಪದೇಪದೇ ಎದುರಾಗುವ ಪ್ರಶ್ನೆಯೊಂದಿದೆ. ತರಗತಿಯ ಹಿಂದಿನ ಬೆಂಚಿನಲ್ಲಿ ಪುಸ್ತಕ ಹಿಡಿದು ಕುಳಿತಿರುವ ಈ ಅಪರಿಚಿತರು ಯಾರು, ಕಲಿಯಲು ಬಂದವರ ಕೈಗೆ ನಮ್ಮ ಮಕ್ಕಳನ್ನು ಏಕೆ ಒಪ್ಪಿಸುತ್ತೀರಿ ಎಂಬುದೇ ಆ ಪ್ರಶ್ನೆ. ಅದಕ್ಕೆ ಉತ್ತರ ಹೇಳಲು ಈ ವೇದಿಕೆಯೇ ತಕ್ಕದ್ದೆಂದು ನಮಗೆ ತೋರಿತು.

ನಾವು ಓದಿದ ಕಾಲದಲ್ಲಿ ಬಿ.ಎಡ್. ಒಂದು ವರ್ಷದ ಶಿಕ್ಷಣವಾಗಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಅದನ್ನು ಎರಡು ವರ್ಷಗಳಿಗೆ ವಿಸ್ತರಿಸಿ, 20 ವಾರಗಳನ್ನು ಶಾಲೆಯ ಒಡನಾಟಕ್ಕೆಂದೇ ಮೀಸಲಿಟ್ಟವು. ಪಾಠ ಹೇಳುವುದಕ್ಕೆ ಮೊದಲು ಪಾಠವನ್ನು ನೋಡಬೇಕು. ನೋಡುವುದೆಂದರೆ ಸುಲಭವೆಂದು ಯಾರೂ ಭಾವಿಸಬೇಕಾಗಿಲ್ಲ. ವೀಕ್ಷಣಾ ಪುಸ್ತಕದಲ್ಲಿ ‘ತರಗತಿಯ ವಾತಾವರಣ’ ಎಂಬ ಶೀರ್ಷಿಕೆಯ ಕೆಳಗೆ ‘ಗಾಳಿ ಬೆಳಕು ಸಾಕಷ್ಟಿದೆ’ ಎಂದು ಬರೆದು ಮುಗಿಸುವವರೇ ಹೆಚ್ಚು. ಜೂನ್ ತಿಂಗಳ ಮಳೆ ಹೆಂಚಿನ ಮೇಲೆ ಸುರಿಯತೊಡಗಿದಾಗ ಅಧ್ಯಾಪಿಕೆಯ ದನಿ ಮೂರನೆಯ ಸಾಲನ್ನೂ ತಲಪದು. ಆಗ ಆಕೆ ದನಿ ಏರಿಸಿದರೋ, ಕರಿಹಲಗೆಯನ್ನು ಆಶ್ರಯಿಸಿದರೋ, ಬೆಂಚಿನಿಂದ ಬೆಂಚಿಗೆ ನಡೆದರೋ? ವಾತಾವರಣವೆಂದರೆ ಅದು.

ಅಮೆರಿಕದ ಶಿಕ್ಷಣತಜ್ಞ ನೆಡ್ ಫ್ಲಾಂಡರ್ಸ್ ರೂಪಿಸಿದ ವೀಕ್ಷಣಾ ಕ್ರಮವನ್ನು ಬಿ.ಎಡ್. ಓದಿದವರೆಲ್ಲರೂ ಬಲ್ಲರು. ಮೂರು ಸೆಕೆಂಡಿಗೊಮ್ಮೆ ತರಗತಿಯಲ್ಲಿ ನಡೆಯುತ್ತಿರುವುದಕ್ಕೆ ಒಂದು ಅಂಕೆಯನ್ನು ಬರೆಯಬೇಕು. ಮೊದಲ ಏಳು ಅಂಕೆಗಳು ಅಧ್ಯಾಪಕರ ಮಾತಿಗೆ, ಎರಡು ಮಕ್ಕಳ ಮಾತಿಗೆ, ಕೊನೆಯ ಹತ್ತನೆಯದು ಮೌನಕ್ಕೆ ಅಥವಾ ಗೊಂದಲಕ್ಕೆ. ಉಪಯುಕ್ತವಾದ ಕ್ರಮವೇ, ಅಧ್ಯಾಪಕರು ಎಷ್ಟು ಮಾತನಾಡುತ್ತಾರೆಂಬುದನ್ನು ಅದು ನಾಚಿಕೆಯಾಗುವಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಮೌನವನ್ನೂ ಗೊಂದಲವನ್ನೂ ಒಂದೇ ಅಂಕೆಯಲ್ಲಿ ಕಟ್ಟಿಹಾಕಿರುವುದನ್ನು ಕಾಸರಗೋಡಿನ ತರಗತಿಯಲ್ಲಿ ಕುಳಿತು ಒಪ್ಪಲು ನಮ್ಮಿಂದಾಗದು.

ಕಾರಣವನ್ನು ಹೇಳುತ್ತೇವೆ. ನಮ್ಮದು ಕನ್ನಡ ಮಾಧ್ಯಮದ ಶಾಲೆ. ಆದರೆ ಮಕ್ಕಳು ಮನೆಯಿಂದ ತರುವ ನುಡಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ. ಪಾಠದ ಕನ್ನಡ ಬಹುಪಾಲು ಮಕ್ಕಳಿಗೆ ಕಲಿತ ಕನ್ನಡ. ತುಳುವಿನ ಮಗುವಿಗೆ ‘ಇಲ್ಲ್’ ಎಂದರೆ ಮನೆ. ಅಧ್ಯಾಪಿಕೆಯ ಬಾಯಲ್ಲಿ ‘ಇಲ್ಲ’ ಎಂಬುದು ಬೇರೆಯೇ ಮಾತು.

ಎರಡನೆಯ ತರಗತಿಯ ಗಣಿತ ಪಾಠವೊಂದನ್ನು ನೋಡಿರಿ. ಏಳಕ್ಕೆ ಎಂಟು ಕೂಡಿದರೆ ಎಷ್ಟು ಎಂದು ಟೀಚರ್ ಕೇಳಿದ್ದಾರೆ. ಮಗು ಉತ್ತರಿಸುತ್ತಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತವರು ‘10’ ಎಂದು ಗುರುತಿಸಿ, ‘ಮಗುವಿಗೆ ಕೂಡುವಿಕೆ ತಿಳಿದಿಲ್ಲ’ ಎಂದು ಷರಾ ಬರೆಯುತ್ತಾರೆ. ಆದರೆ ಡೆಸ್ಕಿನ ಕೆಳಗೆ ಮಗುವಿನ ಬೆರಳುಗಳು ಒಂದೊಂದಾಗಿ ಮಡಚುತ್ತಿವೆ, ತುಟಿಗಳು ಸಣ್ಣಗೆ ಅಲುಗುತ್ತಿವೆ: ‘ಎಣ್ಮ, ಒರ್ಂಬ, ಪತ್ತ್...’ ಲೆಕ್ಕ ತುಳುವಿನಲ್ಲಿ ನಡೆಯುತ್ತಿದೆ. ಅದು ಮುಗಿದ ಮೇಲೆ ಉತ್ತರ ಕನ್ನಡಕ್ಕೆ ದಾಟಿ ಬರಬೇಕು. ಅನುಭವಿ ಅಧ್ಯಾಪಿಕೆ ಅಷ್ಟು ಹೊತ್ತು ಕರಿಹಲಗೆಯನ್ನು ನಿಧಾನವಾಗಿ ಒರೆಸುತ್ತ ನಿಲ್ಲುತ್ತಾರೆ. ‘ಹದಿನೈದು, ಟೀಚರ್’ ಎಂಬ ದನಿ ಬಂದೇ ಬರುತ್ತದೆ. ಪ್ರಶ್ನೆ ಕೇಳಿದ ಅಧ್ಯಾಪಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದೂ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ಬೆಳೆಯುತ್ತವೆಂದೂ ಮೇರಿ ಬಡ್ ರೋ ಎಂಬ ವಿದುಷಿ 1970ರ ದಶಕದಲ್ಲಿ ತೋರಿಸಿಕೊಟ್ಟರು. ಎರಡು ನುಡಿಗಳ ನಡುವೆ ಓಡಾಡುವ ಮಗುವಿಗೆ ಆ ಮೂರೂ ಸಾಲವು.

ಬೋಧನಾ ಶೈಲಿಯ ವಿಷಯದಲ್ಲಿ ನಮ್ಮ ಮಾತು ಚಿಕ್ಕದು. 1990ರ ದಶಕದಲ್ಲಿ ಡಿಪಿಇಪಿ ಯೋಜನೆ ಕೇರಳದಲ್ಲಿ ಮೊದಲು ಕಾಲಿಟ್ಟ ಮೂರು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಚಟುವಟಿಕೆಯ ಪಾಠಗಳು ಬಂದವು. ಮಗ್ಗಿ ಹೋಯಿತೆಂದು ಹಿರಿಯರು ಕೊರಗಿದರು. ನಮ್ಮ ಶಾಲೆಯಲ್ಲಿ ಇಂದಿಗೂ ಒಂದು ಕೋಣೆಯಲ್ಲಿ ಮಗ್ಗಿಯ ರಾಗ, ಪಕ್ಕದ ಕೋಣೆಯಲ್ಲಿ ಗುಂಪು ಚರ್ಚೆ. ಎರಡರಲ್ಲೂ ಮಕ್ಕಳು ಕಲಿಯುತ್ತಿದ್ದಾರೆ. ತರಬೇತಿಯವರು ತೀರ್ಪುಗಾರರಾಗದೆ ಎರಡೂ ಕೋಣೆಗಳಲ್ಲಿ ಕುಳಿತುಕೊಳ್ಳಲಿ.

ಈಗ ರಕ್ಷಕರ ಪ್ರಶ್ನೆಗೆ ಬರುತ್ತೇವೆ. ಕನ್ನಡ ಅರಿಯದವರನ್ನು ಕನ್ನಡ ಮಾಧ್ಯಮದ ಹುದ್ದೆಗಳಿಗೆ ನೇಮಿಸಿದಾಗ ಈ ಜಿಲ್ಲೆಯ ರಕ್ಷಕರೂ ಮಕ್ಕಳೂ ಪ್ರತಿಭಟಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ಪ್ರತಿಭಟನೆ ನ್ಯಾಯವಾದದ್ದೇ. ಆದರೆ ಹುದ್ದೆಯಲ್ಲಿ ಕನ್ನಡ ಬಲ್ಲವರೇ ಇರಬೇಕೆಂದರೆ, ಕನ್ನಡದಲ್ಲಿ ಪಾಠ ಹೇಳುವುದನ್ನು ಕಣ್ಣಾರೆ ಕಂಡು ಕಲಿತವರು ಮೊದಲು ಸಿದ್ಧರಾಗಬೇಕು. ಪುಸ್ತಕದ ಕನ್ನಡವನ್ನು ಬಲ್ಲವರಿಗೂ ತುಳುವಿನ ಬೆರಳೆಣಿಕೆ ತಾನಾಗಿ ಕಾಣಿಸದು. ಅದನ್ನು ಕಾಣುವ ಕಣ್ಣು ಇಂಥ ತರಗತಿಯ ಹಿಂದಿನ ಬೆಂಚಿನಲ್ಲಿಯೇ ತೆರೆಯಬೇಕು. ನಿಮ್ಮ ಮಕ್ಕಳ ಪಾಠಕ್ಕೆ ಅವರಿಂದ ಒಂದೆರಡು ದಿನ ಗಲಿಬಿಲಿಯಾಗುವುದು ನಿಜ. ಮೂರನೆಯ ದಿನ ಮಕ್ಕಳು ಅವರನ್ನು ಮರೆತಿರುತ್ತಾರೆ.

ತರಬೇತಿಯವರ ವೀಕ್ಷಣಾ ಪುಸ್ತಕದ ಬಲ ಅಂಚಿನಲ್ಲಿ ‘ಮಗುವಿನ ಮನೆಮಾತು’ ಎಂಬ ಒಂದು ಕಲಮನ್ನು ನಾವು ಕೈಯಿಂದ ಗೆರೆ ಎಳೆಸಿ ಸೇರಿಸಿದ್ದೇವೆ. ಅದನ್ನು ತುಂಬಲು ಮಗುವಿನೊಡನೆ ಮಾತನಾಡಲೇಬೇಕು.

ಹಳೆ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಮಕ್ಕಳು ಯಾರಾದರೂ ಡಿ.ಎಲ್.ಎಡ್. ಅಥವಾ ಬಿ.ಎಡ್. ಓದುತ್ತಿದ್ದರೆ ನಮ್ಮ ಕಚೇರಿಗೆ ತಿಳಿಸಿರಿ. ತರಬೇತಿಗೆ ನಮ್ಮ ಶಾಲೆಯನ್ನೇ ಆರಿಸಿಕೊಳ್ಳಲು ಹೇಳಿರಿ. ಎರಡನೆಯ ತರಗತಿಯ ಹಿಂದಿನ ಬೆಂಚು ಮಾತ್ರ ತೀರ ತಗ್ಗು. ದೊಡ್ಡವರ ಮೊಣಕಾಲು ಗಲ್ಲಕ್ಕೆ ತಾಗುತ್ತದೆ. ಆದರೆ ಡೆಸ್ಕಿನ ಕೆಳಗಿನ ಬೆರಳುಗಳು ಅಲ್ಲಿಂದಲೇ ಚೆನ್ನಾಗಿ ಕಾಣುವುದರಿಂದ ಅದನ್ನು ನಾವು ಬದಲಾಯಿಸಿಲ್ಲ.